ಎರಡು ಟವರು

ನಮ್ಮ ಹೊಂಗೆದೊಡ್ಡಿಯಲ್ಲಿ ಫೋನಿಗೆ
ನೆಲೆಯಿಲ್ಲ.
ಒಲೆಯ ಮುಂದೆ ಕೂತರೆ ತಮಿಳುನಾಡು,
ಹಿತ್ತಿಲಿಗೆ ಹೋಗಿ ಮುಸುರೆ ಚೆಲ್ಲುವಾಗ
ಕಿಣಿಕಿಣಿ: ಕರ್ನಾಟಕಕ್ಕೆ ಸ್ವಾಗತ.
ದಿನಕ್ಕೆ ಹದಿನಾಲ್ಕು ಸಲ ಸ್ವಾಗತ ಮಾಡೋರು
ಒಂದು ಸಲವೂ ಊಟಕ್ಕೆ ಕರೀಲಿಲ್ಲ ಕಣವ್ವ
ಎಂದು ಅತ್ತೆ ಕುಂಬಮ್ಮ ನಗುತ್ತಿದ್ದಳು.

ಬಸ್ಸೂ ಹಾಗೇ. ತಾಳವಾಡಿಗೆ ಹೆಂಗಸರಿಗೆ ಪುಕ್ಕಟೆ.
ಗಡಿ ದಾಟಿ ಚಾಮರಾಜನಗರದ ಬಸ್ಸು ಹತ್ತಿದರೆ
ಅಲ್ಲೂ ಹೆಂಗಸರಿಗೆ ಪುಕ್ಕಟೆ, ಆದರೆ
ಕಂಡಕ್ಟರು ಆಧಾರಿನ ಹಿಂಬದಿ ಓದಿ
ನೀವು ಆ ಹೆಂಗಸರಲ್ಲ ಅನ್ನುತ್ತಾನೆ,
ಕನ್ನಡದಲ್ಲೇ.

ಮುಸುಕಿನ ಜೋಳ ಹಾಲುಗಟ್ಟಿದ ರಾತ್ರಿ
ಅಟ್ಟಣೆಯ ಮೇಲೆ ಕಾವಲಿದ್ದ ಭಾವ ರಾಚಪ್ಪ
ಒಂದಕ್ಕೆಂದು ಇಳಿದವನು
ಒಂಟಿ ಸಲಗಕ್ಕೆ ಎದುರಾದ.
ತುಳಿಯಲಿಲ್ಲ ಅದು, ದಾರಿಯಿಂದ ಸರಿಸಿತು, ಅಷ್ಟೆ.
ಸೊಂಟದ ಮೂಳೆಗೆ ಅಷ್ಟೇ ಸಾಕು.

ಒಲೆಯ ಮುಂದೆ ನಿಂತು ನೂರೆಂಟು ಒತ್ತಿದೆ.
ಚೆನ್ನೈಯಿಂದ ಒಬ್ಬಳು, ಒಳ್ಳೆಯ ದನಿ, ತಮಿಳಿನಲ್ಲಿ:
ಯಾವ ಜಿಲ್ಲೆ, ಯಾವ ತಾಲ್ಲೂಕು, ಹತ್ತಿರ ಗುರುತಿಗೆ ಏನಿದೆ?
ಆನೆ, ಅಂದೆ.
ಗಾಡಿ ಸತ್ಯಮಂಗಲದಲ್ಲಿದೆಯಮ್ಮಾ,
ದಿಂಬಂ ಹತ್ತಿ ಬರಬೇಕು, ಇಪ್ಪತ್ತೇಳು ತಿರುವು,
ಎರಡೂವರೆ ಗಂಟೆ, ಹೆದರಬೇಡಿ.
ಹೆದರದೆ ಹಿತ್ತಿಲಿಗೆ ಓಡಿದೆ.
ಬಾಳೆಗಿಡದ ಹತ್ತಿರ ಬೆಂಗಳೂರು ಸಿಕ್ಕಿತು.
ಅಕ್ಕಾ ಅಂದ ಹುಡುಗ. ನನ್ನ ಮಾತೇ ಅವನ ಮಾತು,
ಕೇಳಿ ಅರ್ಧ ಜೀವ ಬಂತು.
ಊರ ಹೆಸರು ಟೈಪು ಮಾಡಿದ, ಮತ್ತೆ ಮಾಡಿದ,
ಕಂಪ್ಯೂಟರಲ್ಲಿ ಬರ್ತಿಲ್ಲ ಅಕ್ಕಾ, ನೀವು ನಮ್ಮಲ್ಲಿಲ್ಲ.
ಇದ್ದೀನಪ್ಪಾ, ಬಾಳೆಗಿಡದ ಪಕ್ಕ ಇದ್ದೀನಿ, ಅಂದೆ.
ಅವನೂ ಅಳುವ ಹಾಗಿದ್ದ.

ಒಲೆಗೂ ಬಾಳೆಗೂ ನಡುವೆ
ರುಬ್ಬುಗಲ್ಲಿನ ಹತ್ತಿರ ಒಂದು ಮಾರು ನೆಲ,
ಎರಡು ಟವರೂ ಮುಟ್ಟದ ಜಾಗ.
ಅಲ್ಲಿ ನಿಂತು, ಫೋನು ಸೊಂಟಕ್ಕೆ ಸಿಕ್ಕಿಸಿ,
ಕೂಗಿದೆ:
ಏ ಜವರಣ್ಣಾ…
ಹೊಲದಾಚೆ, ಹಳ್ಳದಾಚೆ
ಟೊಮೇಟೊ ತುಂಬಿದ ಜೀಪಿನ ಅಡಿ ಮಲಗಿದ್ದವನಿಗೆ ಕೇಳಿತು.
ಯಾವ ಜಿಲ್ಲೆ ಅಂತ ಅವನು ಕೇಳಲಿಲ್ಲ.

ಕ್ರೇಟುಗಳ ಮಧ್ಯೆ ಬಾಗಿಲ ಹಲಗೆ, ಹಲಗೆಯ ಮೇಲೆ ಭಾವ.
ಚೆಕ್‌ಪೋಸ್ಟಿನಲ್ಲಿ ಟಾರ್ಚು.
ಈ ಕಡೆಯವನು ಟೊಮೇಟೊ ಲೆಕ್ಕ ಹಾಕಿದ,
ಆ ಕಡೆಯವನು ಸೀಟಿನ ಕೆಳಗೆ ಬಾಟಲಿ ಹುಡುಕಿದ.
ನಡುವೆ ನರಳುತ್ತಿದ್ದುದನ್ನು
ಸರಕಲ್ಲ ಎಂದು ಇಬ್ಬರೂ ಬಿಟ್ಟರು.
ಅದೊಂದು ಪುಣ್ಯ.

ಭಾವ ಬದುಕಿದ. ಕೋಲು ಹಿಡಿದು ನಡೆಯುತ್ತಾನೆ.
ಆಸ್ಪತ್ರೆಯ ಕಿಟಕಿಯಲ್ಲಿ ನಮ್ಮ ವಿಮೆ ಕಾರ್ಡನ್ನು
ಹುಡುಗಿ ತಿರುಗಿಸಿ ನೋಡಿ
ಬಹುಮಾನ ಬಾರದ ಲಾಟರಿಯಂತೆ ವಾಪಸು ಕೊಟ್ಟಳು.
ಜವರಣ್ಣ ಆ ದಿನದ ಟೊಮೇಟೊ ದುಡ್ಡು ಕೊಟ್ಟ.
ಪರಿಹಾರದ ಅರ್ಜಿ ಈರೋಡಿನಲ್ಲಿದೆ, ಈಗಲೂ.
ರೇಂಜರು ಬಂದು ಲದ್ದಿ ನೋಡಿ ಕೇಳಿದರು:
ಕೊರಳಲ್ಲಿ ಪಟ್ಟಿ ಇತ್ತೇ?
ಇತ್ತು.
ಹಾಗಿದ್ದರೆ ಅದು ಅವರ ಆನೆ, ಅವರನ್ನೇ ಕೇಳಿ.
ಅವರನ್ನು ಕೇಳಿದೆ.
ಪಟ್ಟಿ ನಮ್ಮದಮ್ಮಾ, ಜೋಳ ಅವರದು.

ಚುನಾವಣೆಗೆ ಒಬ್ಬ ಬಂದು
ನಿಮ್ಮನ್ನು ಆ ಕಡೆ ಸೇರಿಸಿಯೇ ತೀರುತ್ತೇನೆ ಅಂದ.
ಮಧ್ಯಾಹ್ನ ಇನ್ನೊಬ್ಬ, ಒಂದಿಂಚೂ ಬಿಡೆವು ಅಂದ.
ಇಬ್ಬರಿಗೂ ಅತ್ತೆ ನೀರುಮಜ್ಜಿಗೆ ಕೊಟ್ಟು
ಒಂದೇ ಮಾತು ಕೇಳಿದಳು:
ರುಬ್ಬುಗಲ್ಲು ಯಾರ ಪಾಲಿಗಪ್ಪಾ?
ಲೋಟ ಕೆಳಗಿಟ್ಟು ಹೋದರು.

ನಿನ್ನೆ ರಾತ್ರಿ ನಾಯಿ ಬೊಗಳಿ, ತಟ್ಟನೆ ನಿಲ್ಲಿಸಿತು.
ಯಾವ ಕಡೆಯಿಂದ ಬಂದದೆ, ಭಾವ ಒಳಗಿನಿಂದ ಕೇಳಿದ.
ರುಬ್ಬುಗಲ್ಲಿನ ಮೇಲೆ ಹತ್ತಿ ನಿಂತೆ.
ಜೋಳ ಅಲ್ಲಾಡುತ್ತಿತ್ತು.
ಗಂಟಲು ಸರಿಮಾಡಿಕೊಂಡೆ.